ನಡುವಿನ ಬಿಳಿ

ಜೂನ್ ೧೨

ನನ್ನ ಮೆಣಸೇ,

ನಿನ್ನ ಕಾಗದ ಬಂತು. ಟಪಾಲಿನವನು ತಿರುವಿನಿಂದಲೇ "ಮಗಳ ಕಾಗದ, ಮಗಳ ಕಾಗದ" ಎಂದು ಕೂಗಿಕೊಂಡು ಬಂದ. ಊರಿಗೆಲ್ಲ ಗೊತ್ತಾದ ಮೇಲೆ ನನ್ನ ಕೈಗೆ ಸಿಕ್ಕಿತು. ಫೋನಿನ ಕಂಬಗಳು ಕೆಳಗಿನ ಹಳ್ಳಿಗೇ ನಿಂತುಬಿಟ್ಟಿವೆ. ಇಷ್ಟು ಎತ್ತರ ಹತ್ತುವ ಆಸೆ ಅವಕ್ಕೂ ಇಲ್ಲ, ನೆಡುವವರಿಗೂ ಇಲ್ಲ. ಹಾಗಾಗಿ ಇವನ ಗಂಟಲೇ ನಮಗೆ ಗತಿ.

ಅದೇನು ಪ್ರಶ್ನೆ ಕೇಳಿದ್ದೀಯೇ ನೀನು! ಆಡಿನ ಕೊಂಬು ಬರೆಯಲು ಎಷ್ಟು ಸಣ್ಣ ಕುಂಚ ಬೇಕು ಅಂತಲಾ? ಪಟ್ಟಣಕ್ಕೆ ಹೋಗಿ ಬುದ್ಧಿಯನ್ನೂ ಬೋರ್ಡಿಗೆ ಬಳಿದುಬಿಟ್ಟೆಯಾ? ನಮ್ಮ ಗೋಡೆಯಲ್ಲಿ ಆಡನ್ನು ಯಾವತ್ತು ಬರೆದಿದ್ದೇವೆ? ಚಿಕ್ಕಂದಿನಲ್ಲಿ ನೂರು ಸಲ ಹೇಳಿದ್ದೆ, ನೂರಾ ಒಂದನೇ ಸಲ ಹೇಳುತ್ತೇನೆ, ಕೇಳಿಸಿಕೋ. ಗೋಡೆಗೆ ಸುಣ್ಣ. ಸುಣ್ಣದ ಮೇಲೆ ಇದ್ದಿಲು ಅರೆದು ಅಂಟು ಬೆರೆಸಿದ ಕಪ್ಪು. ಕಪ್ಪನ್ನು ಸುತ್ತ ಬಳಿಯುತ್ತ ಬರಬೇಕು, ಆಡು ನಿಲ್ಲಬೇಕಾದ ಜಾಗವನ್ನು ಮುಟ್ಟದೆ ಬಿಡಬೇಕು. ಬಿಟ್ಟ ಬಿಳಿಯೇ ಆಡು. ಮನುಷ್ಯರೂ ಹಾಗೇ. ಮನೆಯಲ್ಲಿ ಬದುಕಿರುವವರನ್ನೆಲ್ಲ ಬಿಳಿಯಾಗಿ ಬಿಡುತ್ತೇವೆ, ಸತ್ತ ಮೇಲೆ ಅದೇ ಬಿಳಿಗೆ ಕೆಮ್ಮಣ್ಣು ತುಂಬುತ್ತೇವೆ. ಇಷ್ಟೇ ನಮ್ಮ ವಿದ್ಯೆ. ಕೊಂಬಿಗೆ ಬೇಕಾದದ್ದು ಸಣ್ಣ ಕುಂಚವಲ್ಲ, ತಾಳ್ಮೆ. ಅದು ನಿಮ್ಮ ಪಟ್ಟಣದ ಅಂಗಡಿಯಲ್ಲಿ ಸಿಕ್ಕಿದರೆ ನನಗೂ ಒಂದಿಷ್ಟು ಕಳಿಸು.

ನಿನ್ನ ದೊಡ್ಡಮ್ಮ ಮೊನ್ನೆ ಬಂದಿದ್ದಳು. ಟೀ ಕೊಟ್ಟೆ. ಲೋಟ ಹಿಡಿದುಕೊಂಡು ಗೋಡೆಯನ್ನೇ ನೋಡುತ್ತಾ ಕೂತವಳು, "ಎರಡು ಚಳಿಗಾಲ ಕಳೀತಲ್ಲೇ" ಅಂದಳು.

"ಕಳೀತು. ಏನೀಗ?" ಅಂದೆ.

"ಇನ್ನೂ ಬಿಳಿ ಬಿಟ್ಕೊಂಡು ಕೂತಿದೀಯಲ್ಲ. ಅವನ ಜೀವಕ್ಕೂ ಸಮಾಧಾನ ಬೇಡ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಘಾಟಿಯ ರಸ್ತೆಯಲ್ಲಿ ಹಿಮ ತೆಗೆಯುವ ಗ್ಯಾಂಗಿನ ಮೇಲೆ ಬೆಟ್ಟ ಜಾರಿತು, ನಿಜ. ನಿನ್ನ ಅಣ್ಣ ಆ ಗ್ಯಾಂಗಿನಲ್ಲಿದ್ದ, ಅದೂ ನಿಜ. ಉಳಿದವರೆಲ್ಲ ಸಿಕ್ಕರು, ಅವನೊಬ್ಬ ಸಿಗಲಿಲ್ಲ. ಸಿಗದವನನ್ನು ಸತ್ತವನು ಅನ್ನಲು ಇವಳು ಯಾರು? ಕಣ್ಣಾರೆ ಕಂಡವರು ಒಬ್ಬರು ಬಂದು ನನ್ನ ಮುಂದೆ ನಿಲ್ಲಲಿ, ಆಮೇಲೆ ನೋಡೋಣ. ಹಾಗೇ ಹೇಳಿದೆ. ಟೀ ಅರ್ಧಕ್ಕೇ ಬಿಟ್ಟು ಹೋದಳು. ಹೋಗಲಿ, ಸಕ್ಕರೆಯೂ ಕಮ್ಮಿ ಇತ್ತು.

ಹೊಟ್ಟೆಗೆ ಸರಿಯಾಗಿ ತಿನ್ನು. ಬಣ್ಣದ ಕೈಯಲ್ಲಿ ಕಣ್ಣುಜ್ಜಬೇಡ.

ಒಲೆಯ ಮುಂದಿನಿಂದ,
ನಿನ್ನ ಅಮ್ಮ


ಜುಲೈ ೪

ಅಮ್ಮಾ,

ಬೈದದ್ದು ಮುಟ್ಟಿತು! ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಯಾಕೋ ಸ್ವಲ್ಪ ಅಳುವೂ ಬಂತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ನನ್ನನ್ನು "ಮೆಣಸು" ಎಂದು ಕರೆಯುವವರು ಯಾರೂ ಇಲ್ಲ. ಬೋರ್ಡ್ ಬರೆಯುವ ಅಂಗಡಿಯಲ್ಲಿ ನಾನು "ಮೇಲಿನೋಳು". ಬೆಟ್ಟದಿಂದ ಬಂದವಳು ಅಂತ ಒಂದು ಅರ್ಥ, ಏಣಿ ಹತ್ತಲು ಹೆದರದವಳು ಅಂತ ಇನ್ನೊಂದು. ನಿನ್ನೆ ಇಡೀ ದಿನ "ನಾಯಿ ಇದೆ ಎಚ್ಚರಿಕೆ" ಎಂದು ಬರೆದೆ. ಗಿರಾಕಿ ನಾಯಿಯ ಚಿತ್ರವನ್ನೂ ಹಾಕು ಅಂದರು. ಸುತ್ತ ಕಪ್ಪು ಬಳಿದು ನಾಯಿಯನ್ನು ಬಿಳಿ ಬಿಟ್ಟೆ. "ಇದೇನ್ರೀ, ನಾಯಿ ಎದ್ದು ಹೋದಂಗಿದೆ" ಅಂದರು. ಮತ್ತೆ ಬರೆದುಕೊಟ್ಟೆ.

ಗ್ಯಾಲರಿಯವರ ವಿಷಯ ಹೇಳಿದ್ದೆನಲ್ಲ? ತಮ್ಮ ಚಿತ್ರಪ್ರದರ್ಶನದ ಮನೆಗೆ ಹೆಸರಿನ ಬೋರ್ಡ್ ಬರೆಸಲು ಬಂದವರು, ಹಲಗೆಯ ಹಿಂದೆ ನಾನು ಬೇಜಾರಿಗೆ ಬಿಟ್ಟಿದ್ದ ಆಡುಗಳನ್ನು ನೋಡಿ ನಿಂತುಬಿಟ್ಟರು. ಈಗ ಅವರಿಗಾಗಿ ನಮ್ಮ ಗೋಡೆಯನ್ನೇ ದೊಡ್ಡ ಕ್ಯಾನ್ವಾಸಿನ ಮೇಲೆ ತರುತ್ತಿದ್ದೇನೆ. ಕೋಣೆಯಲ್ಲಿ ಅದನ್ನು ನಿಲ್ಲಿಸಿದರೆ ಬಾಗಿಲು ತೆಗೆಯಲು ಆಗುವುದಿಲ್ಲ, ಕಿಟಕಿಯಿಂದ ಮನೆಯೊಡತಿಯನ್ನು ಕರೆದು ಕ್ಷಮೆ ಕೇಳುತ್ತೇನೆ. ಒಂದು ತುದಿಯಲ್ಲಿ ಅಜ್ಜ ಅಜ್ಜಿ, ಕೆಂಪು. ಆಮೇಲೆ ಅಪ್ಪ, ಕೆಂಪು. ನೀನು, ಅಣ್ಣ, ನಾನು. ಆಮೇಲೆ ಉದ್ದಕ್ಕೂ ಆಡುಗಳು, ಬೆಟ್ಟದ ಏರು. ಸರಿಯಾಗಿ ನಡುವೆ ಅಣ್ಣ ಬಂದಿದ್ದಾನೆ. ನಾನು ಅಳತೆ ಮಾಡಿ ಹಾಗೆ ಮಾಡಿದ್ದಲ್ಲ, ಅವನು ಎಲ್ಲಿ ನಿಂತರೂ ನಡುವೆಯೇ ಅಲ್ಲವಾ?

ಗ್ಯಾಲರಿಯವರು ನೋಡಲು ಬಂದಿದ್ದರು. ಕೆಂಪು ಬಹಳ ಹಿಡಿಸಿತು. "ಆದ್ರೆ ಬಿಳಿ ಜಾಸ್ತಿ ಆಯ್ತಮ್ಮ, ಕಣ್ಣು ಜಾರಿಹೋಗುತ್ತೆ" ಅಂದರು. ನಾನು, "ಏನ್ಮಾಡೋದು ಸಾರ್, ನಮ್ಮ ಮನೇಲಿ ಬದುಕಿರೋರೇ ಜಾಸ್ತಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕರು.

ದೊಡ್ಡಮ್ಮನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ಕ್ಯಾನ್ವಾಸಿನ ಹಿಂದೆ ಸಿಕ್ಕಿಕೊಂಡಿರುವ,
ನಿನ್ನ ಮೆಣಸು


ಸೆಪ್ಟೆಂಬರ್ ೯

ಮೆಣಸೇ,

ಗ್ಯಾಲರಿಯವರಿಗೆ ಕೊಟ್ಟ ಉತ್ತರ ಓದಿ ಜೀವ ತಣ್ಣಗಾಯಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಸಾರ್ಥಕ. ನಿನ್ನ ದೊಡ್ಡಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅವಳು "ಹೂಂ" ಅಂದಳು.

ಚಳಿ ಇಳಿಯುವ ಮೊದಲು ಬಿಳಿಗಳಿಗೆಲ್ಲ ಸುಣ್ಣ ಹಚ್ಚಿದೆ. ವರ್ಷದ ಹೊಗೆಗೆ ನಾವೆಲ್ಲ ಹಳದಿ ತಿರುಗಿದ್ದೆವು. ಬೆರಳಿಗೆ ಬಟ್ಟೆ ಸುತ್ತಿ, ಅಂಚು ದಾಟದ ಹಾಗೆ ನಿಧಾನಕ್ಕೆ. ಕೆಂಪಿಗೆ ಈ ಉಪಚಾರವಿಲ್ಲ, ಸತ್ತವರು ಮಾಸುವುದಿಲ್ಲ ನೋಡು. ಮೊದಲು ಆಡುಗಳು, ಆಮೇಲೆ ನಾನು, ಆಮೇಲೆ ನೀನು. ಕೊನೆಗೆ ಅವನು. ಅವನಿಗೆ ಒಂದರ ಮೇಲೊಂದು ಎರಡು ಕೈ ಸುಣ್ಣ ಹಚ್ಚಿದೆ. ನಿಮ್ಮಿಬ್ಬರ ಕೈ ಕೂಡುವ ಕಡೆ ನಾನು ಕಪ್ಪು ಗೆರೆ ಎಳೆದೇ ಇಲ್ಲ, ನೆನಪಿದೆಯಾ? ನೀನು ಹುಟ್ಟಿದ ವರ್ಷ ನಿನ್ನನ್ನು ಗೋಡೆಯಲ್ಲಿ ಬಿಡುವಾಗ ಅವನು ಪಕ್ಕದಲ್ಲೇ ನಿಂತು, "ಅವಳ ಕೈ ನನ್ನ ಕೈಯೊಳಗೆ ಇರ್ಲಿ, ಮಧ್ಯ ಗೆರೆ ಬೇಡ" ಅಂತ ಹಟ ಹಿಡಿದಿದ್ದ. ಅವನ ಕೈ ಎಲ್ಲಿ ಮುಗಿಯಿತು, ನಿನ್ನದು ಎಲ್ಲಿ ಶುರುವಾಯಿತು, ಈಗ ನನಗೂ ಗೊತ್ತಿಲ್ಲ. ಒಂದೇ ಬಿಳಿ.

ಹಚ್ಚುತ್ತಾ ನಿಮ್ಮಪ್ಪನ ದಿನ ನೆನಪಾಯಿತು. ಕೆಳಗಿನ ಆಸ್ಪತ್ರೆಯಲ್ಲಿ ಅವರು ಹೋದಾಗ ಸುದ್ದಿ ತಂದವನು ನಿನ್ನ ಅಣ್ಣನೇ. ನಾನೂ ನೀನೂ ಬಟಾಣಿ ಸುಲಿಯುತ್ತಾ ಕೂತಿದ್ದೆವು. ಬಂದವನು ಒಂದು ಮಾತಾಡಲಿಲ್ಲ. ಕೈ ತೊಳೆದ. ಮೂಲೆಯಿಂದ ಕೆಮ್ಮಣ್ಣಿನ ಬಟ್ಟಲು ತೆಗೆದುಕೊಂಡು ಗೋಡೆಯ ಮುಂದೆ ನಿಂತ, ಅಪ್ಪನನ್ನು ತುಂಬತೊಡಗಿದ. ನೀನು "ಅಣ್ಣಾ" ಅಂದೆ, ನಾನು ನಿನ್ನ ಬಾಯಿ ಮುಚ್ಚಿದೆ. ಇಲ್ಲಿ ಸಾವನ್ನು ಬಾಯಲ್ಲಿ ಹೇಳುವುದಿಲ್ಲ, ಯಾವತ್ತೂ ಹೇಳಿಲ್ಲ. ಕಂಡು ಬಂದವರು ತುಂಬುತ್ತಾರೆ, ಮನೆಯವರಿಗೆ ತಿಳಿಯುತ್ತದೆ.

ಅವನದು ಹಾಗೆ ತಿಳಿಯುವ ದಿನ ಬಾರದಿರಲಿ. ಚಿಲಕ ಹಾಕದೆ ಮಲಗುವ ಅಭ್ಯಾಸ ನನಗೆ ಈಗ ಚೆನ್ನಾಗಿ ಒಗ್ಗಿದೆ. ಬೇಕಾದರೆ ಕರಡಿ ಬಂದು ಮಲಗಿಕೊಂಡು ಹೋಗಲಿ, ಬಾಗಿಲು ತೆಗೆಯುವವರಿಲ್ಲ ಎಂದು ಅವನು ಹೊರಗೆ ನಿಲ್ಲಬಾರದು.

ನಿನ್ನ ಚಿತ್ರ ಮುಗಿದರೆ ಹೇಗಿದೆ ಅಂತ ಬರಿ.

ಸುಣ್ಣದ ಬೆರಳಿನ,
ಅಮ್ಮ


ಅಕ್ಟೋಬರ್ ೨

ಅಮ್ಮಾ ಅಮ್ಮಾ,

ಪ್ರದರ್ಶನ ಶುರುವಾಯಿತು! ನಿಂತಲ್ಲಿ ನಿಲ್ಲಲಾರೆ, ಅದಕ್ಕೇ ಅಕ್ಷರ ಹೀಗೆ ಓಡಿವೆ. ಎಷ್ಟು ಜನ! ಬೋರ್ಡಂಗಡಿಯವರು ಶಟರ್ ಎಳೆದು ಎಲ್ಲರೂ ಬಂದರು, ಒಳಗೆ ಬರಲು ಸಂಕೋಚಪಟ್ಟು ಚಪ್ಪಲಿ ಹೊರಗೆ ಬಿಟ್ಟರು. ಒಬ್ಬ ಡಾಕ್ಟರು ನಮ್ಮ ಗೋಡೆಯ ಮುಂದೆ ತುಂಬಾ ಹೊತ್ತು ನಿಂತಿದ್ದರು. ತಮ್ಮ ಆಸ್ಪತ್ರೆಯಲ್ಲಿ ಕಾಯುವವರು ಕೂರುವ ಹಾಲಿಗೆ ಅದೇ ಬೇಕು ಎಂದು ಅಲ್ಲೇ ಹೇಳಿಬಿಟ್ಟರು. ನೀನು ಬಿಟ್ಟ ಆಡುಗಳನ್ನು ಇನ್ನು ದಿನಾ ನೂರಾರು ಜನ ನೋಡುತ್ತಾರೆ.

ಪೇಪರಿನಲ್ಲಿ ಬಣ್ಣದಲ್ಲೇ ಹಾಕಿದ್ದಾರೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡು.

ಕೊನೇ ಗಳಿಗೆಯಲ್ಲಿ ನಡುವೆ ಒಂದು ಬದಲಾವಣೆ ಮಾಡಿದ್ದೇನೆ. ಬರೆದು ಹೇಳಲು ಧೈರ್ಯ ಬರುತ್ತಿಲ್ಲ. ನೋಡಿದರೆ ನಿನಗೇ ಗೊತ್ತಾಗುತ್ತದೆ. ಬೈಯಬೇಡ, ದಯವಿಟ್ಟು.

ಓಡಿಕೊಂಡು ಅಂಚೆಗೆ ಹಾಕುತ್ತಿರುವ,
ಮೆಣಸು


ಅಕ್ಟೋಬರ್ ೧೯

ಮಗಳೇ,

ನಿನ್ನ ಕಾಗದವೂ ಪೇಪರಿನ ಚೂರೂ ತಲುಪಿದವು. ಸುದ್ದಿಯೂ ತಲುಪಿತು.

ಲಕೋಟೆ ಒಡೆಯುವಾಗ ನಿನ್ನ ದೊಡ್ಡಮ್ಮ ಇಲ್ಲೇ ಇದ್ದಳು. ಬಾಗಿಲ ಹತ್ತಿರ ಹೋಗಿ ಬೆಳಕಿಗೆ ಹಿಡಿದೆವು. ಅಜ್ಜ ಅಜ್ಜಿ ಕೆಂಪು. ನಿಮ್ಮಪ್ಪ ಕೆಂಪು. ನಾನು ಬಿಳಿ. ಆಮೇಲೆ ಅವನು. ಅವಳೇ ಮೊದಲು ನೋಡಿದ್ದು. "ಅಯ್ಯೋ, ನನ್ನ ಕಂದ" ಅಂದಳು. ನಾನು ಇನ್ನೂ ಆಡು ನೋಡುತ್ತಿದ್ದೆ. ಆಮೇಲೆ ನಾನೂ ನೋಡಿದೆ.

ನಿನ್ನನ್ನು ಯಾಕೆ ಬೈಯಲಿ? ನೀನು ಮಾಡಬೇಕಾದದ್ದನ್ನೇ ಮಾಡಿದ್ದೀಯ. ಬಾಯಲ್ಲಿ ಹೇಳಲಿಲ್ಲ, ಕಾಗದದಲ್ಲೂ ಬರೆಯಲಿಲ್ಲ, ತುಂಬಿ ತೋರಿಸಿದೆ. ಮನೆಯ ಮರ್ಯಾದೆ ಉಳಿಸಿದೆ. ಬಿಳಿ ಜಾಸ್ತಿ ಅಂದವರಿಗೆ ಹಾಗೆ ಉತ್ತರ ಕೊಟ್ಟವಳು ನೀನು, ಕಂಡವರ ಮಾತು ಕಿವಿಗೆ ಬೀಳದೆ ಅವನನ್ನು ಮುಟ್ಟುವವಳಲ್ಲ. ಅಷ್ಟು ಜನರ ನಡುವೆ ನಿಂತು ನಗುತ್ತಾ ಇದನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡೆಯೋ, ನನ್ನ ತಾಯಿ.

ಅವಳನ್ನು ಮನೆಗೆ ಕಳಿಸಿದೆ. ಕೈ ತೊಳೆದುಕೊಂಡೆ. ಕೆಮ್ಮಣ್ಣು ನೆನೆಹಾಕಿ ಬಟ್ಟೆಯಲ್ಲಿ ಸೋಸಿದೆ. ಅವನನ್ನು ಆ ಗೋಡೆಯಲ್ಲಿ ಬಿಟ್ಟವಳು ನಾನು, ತುಂಬುವವಳೂ ನಾನೇ ಆಗಬೇಕು. ಪಾದದಿಂದ ಶುರು ಮಾಡಿದೆ, ಮುಖದಿಂದ ಶುರು ಮಾಡಲು ಆಗಲಿಲ್ಲ. ಹೊಸ ಸುಣ್ಣ, ಬಟ್ಟಲಿಗೆ ಬಟ್ಟಲು ಕುಡಿಯಿತು. ನಿಮ್ಮ ಕೈ ಕೂಡುವ ಕಡೆ ಬಂದಾಗ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಬಹಳ ಹೊತ್ತು ಕೂತೆ. ಅಂದಾಜಿನಲ್ಲಿ ನಿಲ್ಲಿಸಿದೆ. ನಿನ್ನ ಬೆರಳಿಗೆ ಒಂಚೂರು ಕೆಂಪು ತಾಗಿರಬಹುದು, ಒರೆಸಿದ್ದೇನೆ.

ಮುಗಿಸಿದ ಮೇಲೆ ಅತ್ತೆ, ಮಗಳೇ. ಎರಡು ವರ್ಷದ್ದೆಲ್ಲ ಒಟ್ಟಿಗೇ ಬಂತು. ನನ್ನೊಳಗೆ ಅಷ್ಟು ನೀರಿತ್ತು ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಎದ್ದು ಬಾಗಿಲಿಗೆ ಚಿಲಕ ಹಾಕಿದೆ. ಹಾಕಿ ಮಲಗಿದರೆ ನಿದ್ದೆ ಬಂದುಬಿಟ್ಟಿತು, ಬಿಸಿಲು ಮುಖಕ್ಕೆ ಬಿದ್ದಾಗ ಎಚ್ಚರ. ಹಸಿವೂ ಆಯಿತು. ಹಸಿವು ಅಂದರೆ ಏನು ಅಂತ ಮರೆತೇ ಹೋಗಿತ್ತು. ನಾಚಿಕೆಯಾಯಿತು, ಆದರೂ ತಿಂದೆ. ದುಃಖಕ್ಕೂ ಒಂದು ತಳ ಇರುತ್ತದೆ ಕಣೇ, ಕಾಲು ಊರಲು ಜಾಗ ಸಿಗುತ್ತದೆ. ಕಾಯುವುದಕ್ಕೆ ತಳವೇ ಇಲ್ಲ.

ಈಗ ಇಷ್ಟು ಮಾತ್ರ ಹೇಳು. ಎಲ್ಲಿ ಸಿಕ್ಕ? ಯಾರು ಕಂಡರು? ತಣ್ಣಗೆ ಮಲಗಿದವನ ಹಾಗೆ ಇದ್ದನಾ, ಅಥವಾ ಬೇಡ, ಅದನ್ನು ಹೇಳಬೇಡ. ಎಲ್ಲಿ, ಯಾರು, ಅಷ್ಟು ಸಾಕು.

ಅಮ್ಮ


ಅಕ್ಟೋಬರ್ ೨೭

ಅಮ್ಮಾ,

ನದಿ ಬಯಲಿಗೆ ಇಳಿಯುವ ಕಡೆ, ಮರಳಿನ ದಿಬ್ಬದ ಪಕ್ಕ. ಅಣ್ಣನ ಗ್ಯಾಂಗಿನ ರಸ್ತೆ ಮೇಸ್ತ್ರಿಯೇ ಕಂಡರಂತೆ. ಕೆಲಸಕ್ಕೆಂದು ಪಟ್ಟಣಕ್ಕೆ ಬಂದವರು ನನ್ನ ಅಂಗಡಿ ಹುಡುಕಿಕೊಂಡು ಬಂದು ಹೇಳಿದರು. ನೀನು ಹೆಣೆದ ಹಸಿರು ಸ್ವೆಟರಿನಿಂದ ಗುರುತು ಹಿಡಿದರಂತೆ. ಅಲ್ಲೇ, ಒಂದು ದೊಡ್ಡ ಮರದ ಕೆಳಗೆ ಮಣ್ಣು ಮಾಡಿದ್ದಾರೆ. ನೆರಳಿದೆಯಂತೆ.

ಹೇಳಲು ಬಾಯಿ ಬರಲಿಲ್ಲ. ಮಲಗು ಅಮ್ಮಾ. ಊಟ ಮಾಡು. ಚಿಲಕ ಹಾಕಿಕೋ.

ನಿನ್ನ ಮಗಳು


ನವೆಂಬರ್ ೮

ಮಗಳೇ,

ಘಾಟಿ ಇವತ್ತೋ ನಾಳೆಯೋ ಮುಚ್ಚುತ್ತದೆ. ಮೇಸ್ತ್ರಿ ಕೊನೆಯ ಗಾಡಿಯಲ್ಲಿ ಮೇಲೆ ಬಂದಿದ್ದಾರೆ, ಹಿಂತಿರುಗುವಾಗ ಈ ಕಾಗದ ಅವರ ಕೈಯಲ್ಲೇ ಕೊಡುತ್ತೇನೆ. ಹಾಗಾಗಿ ಬೇಗ ಬರೆಯುತ್ತೇನೆ.

ಅವರು ಬಂದಿದ್ದಾರೆ ಅಂತ ಗೊತ್ತಾದ ಕೂಡಲೇ ಓಡಿದೆ. ಈ ಮೊಣಕಾಲಿನಲ್ಲಿ ಓಡಿದೆ ನೋಡು. ಅವರ ಎರಡೂ ಕೈ ಹಿಡಿದುಕೊಂಡು, "ನನ್ನ ಮಗನ್ನ ಮಣ್ಣಿಗಿಟ್ಟ ಕೈ ಇದು, ನಿಮ್ಮ ಋಣ ಹೇಗೆ ತೀರಿಸ್ಲಿ" ಅಂದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು.

"ಯಾರು ಹೇಳಿದ್ರಮ್ಮ ನಿಮಗೆ?" ಅಂದರು.

"ನನ್ನ ಮಗಳು. ನೀವೇ ಹೋಗಿ ಹೇಳಿದ್ರಂತಲ್ಲ. ಸ್ವೆಟರ್ ನೋಡಿ ಗುರುತು ಹಿಡಿದ್ರಂತಲ್ಲ."

"ಅಮ್ಮಾ, ನಾನು ಪಟ್ಟಣಕ್ಕೆ ಹೋಗಿ ವರ್ಷದ ಮೇಲಾಯ್ತು. ನಿಮ್ಮ ಮಗ ನಮಗೆ ಸಿಕ್ಕಿಲ್ಲ. ಈ ಸಲ ಹಿಮ ಕರಗಿದಾಗಲೂ ಕೆಳಗಿನವರೆಗೆ ಹುಡುಕಿದ್ವಿ. ಏನೂ ಸಿಗ್ಲಿಲ್ಲ."

ನನ್ನನ್ನು ಅವರೇ ಮನೆಯವರೆಗೆ ನಡೆಸಿಕೊಂಡು ಬಂದರು. ಒಳಗೆ ಬಂದು ಗೋಡೆ ನೋಡಿದರು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದ್ದೀಯ. ಮರ, ನೆರಳು, ಸ್ವೆಟರು. ಸ್ವೆಟರು ಇಲ್ಲೇ ಪೆಟ್ಟಿಗೆಯಲ್ಲಿದೆ ಮಗಳೇ. ಆ ದಿನ ಅವನು ಅದನ್ನು ಹಾಕಿಕೊಂಡು ಹೋಗಿರಲಿಲ್ಲ. ನಿನ್ನ ಕಾಗದ ಓದಿದ ದಿನ ಪೆಟ್ಟಿಗೆ ತೆಗೆದು ನೋಡುವ ಮನಸ್ಸಾಗಿತ್ತು. ನೋಡಲಿಲ್ಲ. ಮಲಗಬೇಕಾಗಿತ್ತು ನನಗೆ.

ಕಂಡವರು ಯಾರೂ ಇಲ್ಲ ಅಂದಮೇಲೆ ನೀನು ಅವನನ್ನು ಯಾಕೆ ತುಂಬಿದೆ? ಅದೊಂದು ಹೇಳು. ನಿಜ ಹೇಳು. ಎಷ್ಟು ಕೆಟ್ಟದ್ದಾದರೂ ಸರಿ.

ಅಮ್ಮ


ನವೆಂಬರ್ ೧೬

ಅಮ್ಮಾ,

ಮೇಸ್ತ್ರಿ ಕಳಿಸಿದ ಕಾಗದ ಸಿಕ್ಕ ಕೂಡಲೇ ಬಸ್ ನಿಲ್ದಾಣಕ್ಕೆ ಹೋದೆ. ಟಿಕೆಟ್ ಕಿಟಕಿಯವರು ತಲೆ ಎತ್ತದೆ "ಘಾಟಿ ಬಂದ್" ಅಂದರು. ಅರ್ಧ ದಾರಿಯವರೆಗಾದರೂ ಕೊಡಿ ಅಂದೆ. "ಅರ್ಧ ದಾರೀಲಿ ಏನಮ್ಮ ಮಾಡ್ತೀಯ?" ಅಂದರು. ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಿನಗೆ ಇದು ಯಾವಾಗ ಸಿಗುತ್ತದೋ ಗೊತ್ತಿಲ್ಲ. ಸಿಗುವವರೆಗೆ ನೀನು ಆ ಗೋಡೆಯ ಮುಂದೆ ಒಬ್ಬಳೇ ಇರುತ್ತೀಯ ಎಂದು ನೆನೆದರೆ ಎದೆ ಒಡೆಯುತ್ತದೆ.

ನಿಜ ಹೇಳುತ್ತೇನೆ. ಅದು ಬಹಳ ಸಣ್ಣದು ಅಮ್ಮಾ, ಅದಕ್ಕೇ ಹೇಳಲು ಇಷ್ಟು ಕಷ್ಟ. ಪ್ರದರ್ಶನದ ಹಿಂದಿನ ದಿನ ಚಿತ್ರವನ್ನು ತೂಗುಹಾಕಿ ದೀಪ ಹಾಕಿದರು. ಗ್ಯಾಲರಿಯವರು ದೂರ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ, "ನಡುವೆ ಒಂದೇ ಒಂದು ಕೆಂಪು ಇದ್ದಿದ್ರೆ" ಅಂದರು. ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತು ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಕೆಂಪು ಬಣ್ಣ ಪೆಟ್ಟಿಗೆಯಲ್ಲೇ ಇತ್ತು. ಏಣಿಯೂ ಅಲ್ಲೇ ಇತ್ತು. ಹತ್ತಿ ತುಂಬಿಬಿಟ್ಟೆ. ತುಂಬುವಾಗ ನಾನು ಅಣ್ಣನನ್ನು ನೆನೆಯಲೇ ಇಲ್ಲ. ಅಂಚು ನೆಟ್ಟಗೆ ಬಂತಾ, ಬಣ್ಣ ಸೋರಿತಾ, ಅಷ್ಟೇ ನೋಡಿದೆ. ಕೆಳಗಿಳಿದು ನೋಡಿದಾಗ ಚಿತ್ರ ಎದ್ದು ನಿಂತಿತ್ತು. ಖುಷಿಯಾಯಿತು ಅಮ್ಮಾ. ಅದೇ ನನ್ನನ್ನು ಈಗ ಸುಡುವುದು, ನನಗೆ ಖುಷಿಯಾಯಿತು.

ಗ್ಯಾಲರಿಯವರ ಮಾತಿಗೆ ಬಗ್ಗಿದೆ ಅಂತ ನೀನು ಬೈಯುತ್ತೀಯ ಎಂದುಕೊಂಡಿದ್ದೆ, ಅಷ್ಟೇ. ಇದು ಕ್ಯಾನ್ವಾಸು, ನಮ್ಮ ಗೋಡೆಯಲ್ಲ ಎಂದುಕೊಂಡಿದ್ದೆ. ಅಪ್ಪನ ದಿನ ಬಟಾಣಿ ಸುಲಿಯುತ್ತಾ ಕೂತಿದ್ದವಳು ನಾನೇ ಅಲ್ಲವಾ, ನೀನು ಅದೇ ತಿಂಗಳಲ್ಲಿ ಬರೆದು ನೆನಪಿಸಿದ್ದೆ ಕೂಡ. ಆದರೂ ಹೊಳೆಯಲಿಲ್ಲ. ನೀನು "ಸುದ್ದಿ ತಲುಪಿತು" ಎಂದು ಬರೆದ ಸಾಲು ಓದಿದ ಮೇಲೆ ಹೊಳೆಯಿತು. ಅಂಗಡಿಯಲ್ಲಿ ಏಣಿಯ ಮೇಲೆ ಕೂತು ಓದುತ್ತಿದ್ದೆ. ಇಳಿಯಲು ಆಗದೆ ಅಲ್ಲೇ ಕೂತುಬಿಟ್ಟೆ, ಕೊನೆಗೆ ಹಿಡಿದು ಇಳಿಸಿದರು.

ಆಗಲೇ ನಿಜ ಬರೆಯಬೇಕಿತ್ತು. ಆದರೆ ನೀನು ನಿದ್ದೆ ಬಂತು ಎಂದು ಬರೆದಿದ್ದೆ. ಹಸಿವಾಯಿತು ಎಂದು ಬರೆದಿದ್ದೆ. ತಳ ಸಿಕ್ಕಿತು ಎಂದು ಬರೆದಿದ್ದೆ. ಅದನ್ನು ನಿನ್ನ ಕಾಲ ಕೆಳಗಿನಿಂದ ಎಳೆದು ಹಾಕಲು ನನ್ನಿಂದ ಆಗಲಿಲ್ಲ. ಮರವನ್ನೂ ನೆರಳನ್ನೂ ನಾನೇ ಮಾಡಿದೆ. ಬರೆಯುತ್ತಾ ಬರೆಯುತ್ತಾ ಒಂದು ಗಳಿಗೆ ನಾನೂ ನಂಬಿದೆ. ಅವನು ಎಲ್ಲೋ ಒಂದು ಕಡೆ ಮಲಗಿದ್ದಾನೆ ಎಂದು ನನಗೂ ಮೊದಲ ಸಲ ಅಳು ಬಂತು.

ನಿನ್ನೆ ಡಾಕ್ಟರ ಆಸ್ಪತ್ರೆಗೆ ಹೋಗಿದ್ದೆ. ಬಿಳಿ ಬಣ್ಣದ ಡಬ್ಬ ತೆಗೆದುಕೊಂಡೇ ಹೋಗಿದ್ದೆ. ಚಿತ್ರ ಹಾಲಿನಲ್ಲಿದೆ, ಕೆಳಗೆ ಕುರ್ಚಿಗಳ ಸಾಲು, ಜನ ಚೀಟಿ ಹಿಡಿದುಕೊಂಡು ಕೂತಿದ್ದಾರೆ. ನಡುವಿನವನನ್ನು ಮತ್ತೆ ಬಿಳಿ ಮಾಡಿಕೊಡುತ್ತೇನೆ ಅಂದೆ. ಡಾಕ್ಟರು ಒಳ್ಳೆಯವರು, ಕ್ಯಾಬಿನ್ನಿಗೆ ಕರೆದು ಕೂರಿಸಿ ನೀರು ಕೊಟ್ಟರು. "ಅದನ್ನ ಬೇಕು ಅಂದಿದ್ದೇ ಆ ಕೆಂಪಿಗೋಸ್ಕರ. ಅಳಿಸಿದ್ರೆ ಚಿತ್ರಾನೇ ಹೋಗುತ್ತಲ್ಲಮ್ಮ?" ಅಂದರು. ಯಾಕೆ ಎಂದು ಕೇಳಿದರು. ಡಬ್ಬ ಹಿಡಿದುಕೊಂಡು ವಾಪಸು ಬಂದೆ.

ಇನ್ನು ಕುಂಚ ಮುಟ್ಟುವುದಿಲ್ಲ. ಬೋರ್ಡಿನ ಅಕ್ಷರ ಬರೆಯುತ್ತೇನೆ, ಹೊಟ್ಟೆಗೆ ಬೇಕಲ್ಲ. ಬೇರೆ ಏನೂ ಇಲ್ಲ. ಘಾಟಿ ತೆರೆದ ದಿನ ಬರಲಾ? ಬಾ ಅನ್ನು, ಸಾಕು. ಬೈದೇ ಕರೆ, ಬರುತ್ತೇನೆ.

ಅರ್ಧ ದಾರಿಯನ್ನೂ ಹೋಗಲಾರದ,
ನಿನ್ನ ಮಗಳು


ಏಪ್ರಿಲ್ ೨೧

ಮಗಳೇ,

ಘಾಟಿ ತೆರೆಯಿತು. ಟಪಾಲಿನವನು ಈ ಸಲ ಕೂಗದೆ ಬಂದ. ನಿನ್ನ ಕಾಗದ ಕೊಟ್ಟು ನಿಲ್ಲದೆ ಹೋದ.

ಚಳಿಗಾಲ ಪೂರ್ತಿ ಅವನು ಕೆಂಪಾಗಿ ನಿಂತಿದ್ದ, ನಾನು ಎದುರಿಗೆ ಕೂತಿದ್ದೆ. ಒಂದು ದಿನ ಅತ್ತರೆ ಮರುದಿನ ಅತ್ತದ್ದಕ್ಕೆ ಹೊಡೆದುಕೊಳ್ಳುತ್ತಿದ್ದೆ. ಚಿಲಕ ಹಾಕುತ್ತಿದ್ದೆ, ಎದ್ದು ಹೋಗಿ ತೆಗೆಯುತ್ತಿದ್ದೆ. ನಿನ್ನ ದೊಡ್ಡಮ್ಮ ಗಂಜಿ ಮಾಡಿ ತರುತ್ತಿದ್ದಳು. ಪಾಪ, ಒಂದು ಮಾತು ಎತ್ತಲಿಲ್ಲ. ಅವಳ ಜೊತೆ ಜಗಳವಾಡಲೂ ನನ್ನಲ್ಲಿ ಏನೂ ಉಳಿದಿರಲಿಲ್ಲ. ಒಂದೇ ಒಂದು ಆಸೆ ಇತ್ತು. ನಿನಗೆ ಬೇರೆ ಯಾರೋ ಹೇಳಿರಬಹುದು, ಮೇಸ್ತ್ರಿಯಲ್ಲದಿದ್ದರೆ ಇನ್ಯಾರೋ, ಹೆಸರು ಹೇಳಬಾರದೆಂದು ಮುಚ್ಚಿಟ್ಟಿರಬಹುದು ಅಂತ. ನನ್ನ ಮಗ ಸತ್ತದ್ದು ನಿಜವಾಗಿರಲಿ ಅಂತ ಕೇಳಿಕೊಳ್ಳುತ್ತಾ ಚಳಿಗಾಲ ಕಳೆದೆ. ಯಾವ ತಾಯಿಗೂ ಬೇಡ.

ನಿನ್ನ ಕಾಗದ ಎರಡು ಸಲ ಓದಿದೆ. ಕಣ್ಣು ಜಾರುತ್ತೆ ಅಂತ ತುಂಬಿದ್ದು. ಸರಿ.

ಬೈಯಲು ಕೂತೆ, ಬೈಗುಳ ಬರಲಿಲ್ಲ. ನಿನ್ನನ್ನು ಬೈಯಲು ನನಗೆ ಬೈಗುಳ ಸಿಗದೆ ಹೋದದ್ದು ಇದೇ ಮೊದಲು.

ಎದ್ದು ಕೆಮ್ಮಣ್ಣಿನ ಮೇಲೆ ಸುಣ್ಣ ಹಚ್ಚಿದೆ. ನಿಲ್ಲಲಿಲ್ಲ. ಎರಡು ಸಲ, ಮೂರು ಸಲ ಹಚ್ಚಿದೆ. ಒಣಗುತ್ತಿದ್ದ ಹಾಗೆ ಕೆಳಗಿನಿಂದ ಕೆಂಪು ಮೇಲೆ ಬಂತು, ಬಿಳಿಯ ಒಳಗಿಂದ ರಕ್ತ ಒಸರಿದ ಹಾಗೆ. ನಾನೇ ಅವನಿಗೆ ಎರಡು ಕೈ ಸುಣ್ಣ ಹಚ್ಚಿದ್ದೆನಲ್ಲ, ಆ ಸುಣ್ಣವೆಲ್ಲ ಕೆಮ್ಮಣ್ಣು ಕುಡಿದು ಕೂತಿತ್ತು. ಆಮೇಲೆ ನಿಮ್ಮಪ್ಪನ ಉಳಿ ಸುತ್ತಿಗೆ ತೆಗೆದುಕೊಂಡು ಕೆರೆಯಲು ಶುರು ಮಾಡಿದೆ. ಎಷ್ಟು ಕೆರೆದರೂ ಕೆಂಪು. ಗಾರೆ ಪೂರ್ತಿ ಹೋಗಿ ಕಲ್ಲು ಸಿಗುವವರೆಗೂ ಕೆಂಪು. ಕಲ್ಲು ಸಿಕ್ಕಿದ ಮೇಲೆ ನಿಲ್ಲಿಸಿದೆ.

ಈಗ ಅಲ್ಲಿ ಅವನ ಆಕಾರದ ಗುಳಿ ಇದೆ. ಬಿಳಿಯೂ ಇಲ್ಲ, ಕೆಂಪೂ ಇಲ್ಲ, ಕಲ್ಲು ಕಾಣುತ್ತದೆ. ನಿನ್ನ ದೊಡ್ಡಮ್ಮ ಬಂದು ನೋಡಿ, "ಏನಂತ ಅರ್ಥ ಇದಕ್ಕೆ?" ಅಂದಳು. ಗೊತ್ತಿಲ್ಲ ಅಂದೆ. ನಮ್ಮ ವಿದ್ಯೆಯಲ್ಲಿ ಇದಕ್ಕೆ ಬಣ್ಣವಿಲ್ಲ.

ಬಾ ಅನ್ನು ಅಂತ ಕೇಳಿದ್ದೀಯ. ಬಾ ಅಂತ ಬರೆಯಲು ಕೈ ಏಳುತ್ತಿಲ್ಲ, ಬರಬೇಡ ಅಂತಲೂ ಏಳುತ್ತಿಲ್ಲ. ಬಂದರೆ ಬಾಗಿಲು ತೆರೆದೇ ಇರುತ್ತದೆ. ನಿನಗಾಗಿ ತೆರೆದದ್ದು ಅಂತ ತಿಳಿಯಬೇಡ, ಮತ್ತೆ ಅದೇ ಅಭ್ಯಾಸಕ್ಕೆ ಬಂದಿದ್ದೇನೆ.

ಇನ್ನೊಂದು ಹೇಳಬೇಕು. ನೀನು ಬಂದು ನೋಡಿ, ಬೇಕೆಂದೇ ಮಾಡಿದಳು ಅಂದುಕೊಳ್ಳಬಾರದು. ಅವನನ್ನು ಕೆರೆಯುವಾಗ ಕೈ ಕೂಡುವ ಕಡೆ ಉಳಿ ಜಾರಿತು. ನಡುವೆ ಗೆರೆ ಇರಲಿಲ್ಲವಲ್ಲ, ನಿನ್ನ ಕೈಯೂ ಮಣಿಕಟ್ಟಿನವರೆಗೆ ಗಾರೆಯ ಸಮೇತ ಕಳಚಿ ಬಿತ್ತು. ಆ ಚೂರು ಒಡೆಯಲಿಲ್ಲ. ಎತ್ತಿ ಪೆಟ್ಟಿಗೆಯಲ್ಲಿ, ಅವನ ಸ್ವೆಟರಿನ ಮೇಲೆ ಇಟ್ಟಿದ್ದೇನೆ. ಅವನದು ಒಂದು ಚೂರೂ ಉಳಿಯಲಿಲ್ಲ, ಎಲ್ಲ ಪುಡಿಯಾಯಿತು. ಗುಡಿಸಿ ಮೊರಕ್ಕೆ ತುಂಬಿಕೊಂಡು ಹೊರಗೆ ಹೋದೆ, ಎಲ್ಲಿ ಹಾಕಬೇಕು ಅಂತ ತಿಳಿಯದೆ ನಿಂತಿದ್ದೆ. ಗಾಳಿ ಜೋರಾಗಿತ್ತು. ನೋಡುತ್ತಾ ನೋಡುತ್ತಾ ಮೊರ ಖಾಲಿಯಾಯಿತು.

ಅಮ್ಮ